ಮಡಿ ಸೀರೆಯಲ್ಲಿದ್ದ ಜೇಡ

ಜೇಡ ಕಚ್ಚಿ ಆಸ್ಪತ್ರೆ ಸೇರಿದ್ದೆ ಎಂದರೆ ಜನ ಮೊದಲು ನಗುತ್ತಾರೆ. ಹಾವು ಎಂದರೆ ನಗುವುದಿಲ್ಲ, ನಾಯಿ ಎಂದರೆ ನಗುವುದಿಲ್ಲ. ಜೇಡ ಎಂದಾಗ ಮಾತ್ರ ತುಟಿಯ ಅಂಚಿನಲ್ಲಿ ಒಂದು ಸಣ್ಣ ನಗು ಬರುತ್ತದೆ. ನಾನು ನಗುತ್ತಿಲ್ಲ ಎಂದು ಗೊತ್ತಾದ ಮೇಲೆ ಅದು ಹೋಗುತ್ತದೆ. ಆಮೇಲೆ, "ಎಷ್ಟು ದೊಡ್ಡದಿತ್ತು?" ಎಂದು ಕೇಳುತ್ತಾರೆ. ನಾನು ಅಂಗೈ ಅಗಲಿಸಿ ತೋರಿಸುತ್ತೇನೆ. ತೋರಿಸಿದ ಕೂಡಲೇ ಆ ಅಂಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತೇನೆ. ಒರೆಸಿಕೊಳ್ಳುವುದನ್ನು ಇನ್ನೂ ಬಿಡಲು ಆಗಿಲ್ಲ.

ಸೊಂಟದ ಗಾಯ ಮಾಯ್ದು ವರ್ಷವಾಗುತ್ತ ಬಂತು. ನಾನು ಇಲ್ಲಿ ಬರೆಯಬೇಕೆಂದಿರುವುದು ಆ ಗಾಯದ ಬಗ್ಗೆ ಸ್ವಲ್ಪ, ಅದು ಮಾಯ್ದ ಮೇಲೆ ಉಳಿದುಕೊಂಡದ್ದರ ಬಗ್ಗೆ ಹೆಚ್ಚು. ಬಚ್ಚಲುಮನೆಯಲ್ಲಿ ಒದ್ದೆ ಮೈಯಲ್ಲಿ ನಿಂತು, ಗೂಟಕ್ಕೆ ನೇತುಹಾಕಿದ ತನ್ನದೇ ಬಟ್ಟೆಯನ್ನು ಮುಟ್ಟಲು ಹೆದರುವ ಇನ್ನೊಬ್ಬರು ಈ ಲೋಕದಲ್ಲಿ ಇರಬಹುದು ಎಂದು ನನಗೆ ಆಗ ಗೊತ್ತಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ನಮ್ಮದು ಮೈಲಾಪೂರಿನ ಒಂದು ಹಳೆಯ ಫ್ಲ್ಯಾಟು. ನನ್ನ ಗಂಡ ಗುರುರಾಜ್ ಅವರ ಮನೆತನ ತಲೆಮಾರುಗಳಿಂದ ಮದರಾಸಿನದು. ಮನೆಮಾತು ಕನ್ನಡವೇ, ಆದರೆ ಅರ್ಧ ತಮಿಳು ಬೆರೆತ ಕನ್ನಡ. ನಾನು ನಂಜನಗೂಡಿನವಳು. ಮೈಸೂರಿನಲ್ಲಿ ಬಿ.ಎಸ್ಸಿ. ಮಾಡುವಾಗ ಪ್ರಾಣಿಶಾಸ್ತ್ರ ಓದಿದ್ದೆ. ಜೇಡಕ್ಕೆ ಎಂಟು ಕಾಲು, ಅದು ಕೀಟವಲ್ಲ ಎಂದೆಲ್ಲ ಬರೆದು ಅಂಕ ಗಿಟ್ಟಿಸಿದ್ದೆ. ದೊಡ್ಡ ಜೇಡ ಕಂಡರೆ ಎಲ್ಲರಂತೆ ನನಗೂ ಮೈ ಜುಂ ಎನ್ನುತ್ತಿತ್ತು, ಪೊರಕೆ ಹುಡುಕುತ್ತಿದ್ದೆ, ಅಷ್ಟೇ. ಮನೆಯಲ್ಲಿ ನಾವು ನಾಲ್ವರು: ನಾವಿಬ್ಬರು, ಕಾಲೇಜಿಗೆ ಹೋಗುವ ಮಗಳು ಅನು, ಮತ್ತು ಪದ್ದತ್ತೆ. ಪದ್ದತ್ತೆ ನನ್ನ ಮಾವನ ಅಕ್ಕ. ಎಂಬತ್ತು ದಾಟಿದ್ದಾರೆ, ಕೈ ನಡುಗುತ್ತದೆ. ಮನೆಯ ಮಡಿ ಮೈಲಿಗೆ, ಹಬ್ಬ ಹುಣ್ಣಿಮೆ ಎಲ್ಲ ಈಗಲೂ ಅವರ ಮಾತಿನಂತೆಯೇ.

ವರ್ಷಕ್ಕೊಮ್ಮೆ, ನನ್ನ ಅತ್ತೆಯ ಶ್ರಾದ್ಧದ ದಿನ ಮಾತ್ರ, ನಾನು ಪೂರ್ತಿ ಮಡಿ ಉಡುತ್ತಿದ್ದೆ. ಹಿಂದಿನ ದಿನವೇ ಕಚ್ಚೆ ಸೀರೆಯನ್ನು ನಾನೇ ಒಗೆದು, ಹಿಂದಿನ ಕೋಣೆಯಲ್ಲಿ ಚಾವಣಿಗೆ ಕಟ್ಟಿದ ಬಿದಿರ ಗಳುವಿನ ಮೇಲೆ ಕೋಲಿನಿಂದ ಹರವಬೇಕು. ಆಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ. ಬೆಳಗ್ಗೆ ಸ್ನಾನ ಮಾಡಿ ಒದ್ದೆಯಲ್ಲೇ ಹೋಗಿ, ಅದೇ ಕೋಲಿನಿಂದ ಇಳಿಸಿಕೊಂಡು ಉಡಬೇಕು. ಉಡುವ ಮೊದಲು ಕೊಡವುವ ರೂಢಿ ಇಲ್ಲ. ಕೊಡವಿದರೆ ಸೀರೆ ಗೋಡೆಗೋ ಬಾಗಿಲಿಗೋ ತಾಗಿ ಮೈಲಿಗೆಯಾಗುತ್ತದೆ. ಉಟ್ಟ ಮೇಲೆ ಬ್ರಾಹ್ಮಣರ ಊಟ ಮುಗಿದು ಪಿಂಡ ಆಗುವವರೆಗೂ ಬಿಚ್ಚುವಂತಿಲ್ಲ, ಯಾರನ್ನೂ ಮುಟ್ಟುವಂತಿಲ್ಲ, ಏನನ್ನೂ ತಿನ್ನುವಂತಿಲ್ಲ. ನಡುವೆ ಬಿಚ್ಚಿದರೆ ಮಡಿ ಹೋಯಿತು, ಮಾಡಿಟ್ಟ ಅಡುಗೆಯೂ ಹೋಯಿತು. ಇದನ್ನೆಲ್ಲ ದೂರುವುದಕ್ಕೆ ಹೇಳುತ್ತಿಲ್ಲ. ಮದುವೆಯಾಗಿ ಬಂದಾಗಿನಿಂದ ಮಾಡಿಕೊಂಡು ಬಂದಿದ್ದೆ. ಆ ಒಂದು ದಿನ ಅಡುಗೆಮನೆ ಪೂರ್ತಿ ನನ್ನದು ಎಂಬ ಸಣ್ಣ ಹೆಮ್ಮೆಯೂ ಇತ್ತು.

ಆ ವರ್ಷ ಕಾರ್ತಿಕದಲ್ಲಿ ಮಳೆ ಬಿಡದೆ ಹಿಡಿದಿತ್ತು. ಸೀರೆ ಸರಿಯಾಗಿ ಆರಿರಲಿಲ್ಲ. ಹಿಂದಿನ ಕೋಣೆಯ ಕಿಟಕಿ ಅರ್ಧ ತೆರೆದಿತ್ತು, ಮೋಡದಿಂದಾಗಿ ಒಳಗೆ ಬೆಳಕೂ ಇರಲಿಲ್ಲ. ಇಳಿಸಿಕೊಂಡೆ, ಕಚ್ಚೆ ಹಾಕಿ ಉಟ್ಟೆ, ಒಲೆ ಹಚ್ಚಿದೆ.

ವಡೆಗೆ ಉದ್ದು ರುಬ್ಬಿಟ್ಟು ಬಾಳೆಕಾಯಿ ಹೆಚ್ಚಲು ಬಗ್ಗಿದಾಗ ಎಡ ಸೊಂಟದಲ್ಲಿ, ಸೀರೆ ಸಿಕ್ಕಿಸಿದ ಕಡೆ, ಕಾಯಿಸಿದ ಸೂಜಿ ಚುಚ್ಚಿದ ಹಾಗಾಯಿತು. ಕೈಯಿಂದ ಸೀರೆಯ ಮೇಲೆಯೇ ಒತ್ತಿ ಹಿಡಿದೆ. ಇನ್ನೊಂದು ಸಲ ಚುಚ್ಚಿತು.

ಅಡುಗೆಮನೆಯ ಬಾಗಿಲಾಚೆ ಮಣೆ ಹಾಕಿಕೊಂಡು ಕೂತಿದ್ದ ಪದ್ದತ್ತೆ ನೋಡಿದರು. "ಏನಾಯ್ತು ಮಾ?"

"ಏನೋ ಕಚ್ಚಿತು ಅತ್ತೆ."

"ಇರುವೆ ಇರತ್ತೆ. ಮಳೆಗೆ ಎಲ್ಲಾ ಒಳಗೆ ಬಂದುಬಿಡತ್ತೆ, ಪಾವಂ, ಅವಕ್ಕೂ ಜಾಗ ಬೇಕಲ್ಲ. ಸೀಕ್ರಂ ಬಾಳೆಕಾಯಿ ಬೇಯಕ್ಕೆ ಹಾಕು. ಆಚಾರ್ರು ಬರೋ ಹೊತ್ತಾಯ್ತು."

ನಾನೂ ಇರುವೆಯೇ ಇರಬೇಕು ಎಂದುಕೊಂಡೆ. ಇಲ್ಲ, ಎಂದುಕೊಳ್ಳಲು ಪ್ರಯತ್ನಿಸಿದೆ. ಇರುವೆ ಸೀರೆಯ ಒಳಗೆ ಹಾಗೆ ಸರಿಯುವುದಿಲ್ಲ. ಬೆನ್ನ ಕಡೆ, ಕಚ್ಚೆಯ ಮಡಿಕೆಯಲ್ಲಿ, ಏನೋ ಜಾಗ ಬದಲಿಸಿ ಕೂತಂತೆ ಅನಿಸಿತು. ಆಮೇಲೆ ಅಲುಗಲಿಲ್ಲ. ನಾನು ವಡೆ ಕರಿದೆ. ಎಳ್ಳುಂಡೆ ಕಟ್ಟಿದೆ. ಎಲೆಯ ಮೇಲೆ ಬಡಿಸಿದೆ, ಬಗ್ಗಿ ಬಗ್ಗಿ. ಹಾಲ್‌ನಲ್ಲಿ ಮಂತ್ರ ಕೇಳುತ್ತಿತ್ತು. ಗುರುರಾಜ್ ಜನಿವಾರ ಎಡಕ್ಕೆ ಮಾಡಿಕೊಂಡು, ತಾಯಿಯ ನೆನಪಿನಲ್ಲಿ ಮುಖ ಬಾಡಿಸಿಕೊಂಡು ಕೂತಿದ್ದರು. ಆ ಹೊತ್ತಿನಲ್ಲಿ ಕೂಗಿ ಕರೆಯಬಹುದಿತ್ತು ಎಂದು ಈಗ ಎಲ್ಲರೂ ಹೇಳುತ್ತಾರೆ. ಸೊಂಟ ಆಗಲೇ ಉರಿಯುತ್ತಿತ್ತು, ತೊಡೆಯವರೆಗೂ ಸೆಳೆತ ಇಳಿದಿತ್ತು.

ಎಲ್ಲ ಮುಗಿದು, ಕಾಗೆಗೆ ಪಿಂಡ ಇಟ್ಟು ಬಂದ ಮೇಲೆ, ನಾನು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕಚ್ಚೆ ಬಿಚ್ಚಿದೆ. ಅದು ಮಡಿಕೆಯಿಂದ ಹೊರಗೆ ಬಂತು. ಬೀಳಲಿಲ್ಲ. ನನ್ನ ತೊಡೆಯ ಮೇಲೆ ಇಳಿದು, ಮೊಣಕಾಲು ದಾಟಿ, ಗೋಡೆಗೆ ಹೋಗಿ ನಿಂತಿತು. ಕಂದು ಬಣ್ಣ, ಚಪ್ಪಟೆ ಮೈ, ಅಂಗೈಯಷ್ಟು ಅಗಲಕ್ಕೆ ಚಾಚಿದ ಕಾಲುಗಳು. ಒಂದು ಕಾಲು ಮುರಿದಿತ್ತು. ಬೆಳಗಿನಿಂದ, ನಾನು ಅಡುಗೆ ಮಾಡುವಾಗ, ಬಡಿಸುವಾಗ, ನಮಸ್ಕಾರ ಮಾಡುವಾಗಲೂ ಅದು ನನ್ನ ಮೈಗೆ ಅಂಟಿಕೊಂಡೇ ಇತ್ತು.

ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಗುರುರಾಜ್ ಬಾಗಿಲು ತಳ್ಳಿಕೊಂಡು ಬಂದು ಪೊರಕೆ ಎತ್ತಿದರು. ಹಿಂದೆಯೇ ಪದ್ದತ್ತೆಯ ಧ್ವನಿ ಬಂತು. "ಗುರೂ, ಇವತ್ತು ಶ್ರಾದ್ಧ. ಇವತ್ತು ಜೀವ ತೆಗೀಬೇಡ. ಯಾರು ಯಾವ ರೂಪದಲ್ಲಿ ಬಂದಿರ್ತಾರೋ."

ಅವರು ಪೊರಕೆ ಇಳಿಸಿದರು. ಹಳೆಯ ಪೇಪರ್ ಸುತ್ತಿ, ಜೇಡವನ್ನು ಅದರ ಮೇಲೆ ಹತ್ತಿಸಿಕೊಂಡು, ಬಾಲ್ಕನಿಯ ಆಚೆ ಮಳೆನೀರಿನ ಪೈಪಿನ ಮೇಲೆ ಬಿಟ್ಟು ಬಂದರು. ಬಿಟ್ಟು ಬಂದು ಕೈ ತೊಳೆಯುತ್ತ, ನನ್ನ ಮನಸ್ಸು ಹಗುರ ಮಾಡಲಿಕ್ಕೆಂದೇ ಇರಬೇಕು, "ಅಮ್ಮನೇ ಸೊಸೆ ಅಡುಗೆ ಹೇಗೆ ಮಾಡ್ತಾಳೆ ನೋಡಕ್ಕೆ ಬಂದಿದ್ಲೇನೋ. ಉಪ್ಪು ಕಮ್ಮಿ ಇತ್ತು, ಅದಕ್ಕೇ ಕಚ್ಚಿದ್ಲು," ಎಂದರು.

ಪದ್ದತ್ತೆ ನಕ್ಕರು. ಅನುವೂ ನಕ್ಕಳು. ನಾನೂ ನಕ್ಕೆ ಎಂದು ಅವರು ಹೇಳುತ್ತಾರೆ.

ಸಂಜೆ ಸುಣ್ಣ ಅರಿಶಿನ ಕಲಸಿ ಹಚ್ಚಿದರು. ಜ್ವರ ಬಂತು. ಮಾರನೆಯ ದಿನ ಸೊಂಟದ ಸುತ್ತ ಕೆಂಪಗೆ ಬಾತು, ನೀರ್ಗುಳ್ಳೆ ಎದ್ದವು. ಅದು ಬೆನ್ನಿನ ಕಡೆಗೆ ಸುತ್ತಿಕೊಂಡು ಹೋಗುತ್ತಿದ್ದುದನ್ನು ನೋಡಿ ಪದ್ದತ್ತೆ, "ಇದು ಜೇಡ ಅಲ್ಲ ಮಾ. ಇದು ಸರ್ಪಸುತ್ತು. ಸೊಂಟ ಸುತ್ತಿ ಬರ್ತಿದೆ ನೋಡು. ಕೆಮ್ಮಣ್ಣು ಹಚ್ಚಿದರೆ ಇಳಿಯತ್ತೆ," ಎಂದರು. ಕೆಮ್ಮಣ್ಣು ಹಚ್ಚುವುದರಲ್ಲಿ ಇನ್ನೊಂದು ದಿನ ಹೋಯಿತು. ಅನು ತನ್ನ ಕೋಣೆಯಿಂದ ಬಂದು ಹಣೆ ಮುಟ್ಟಿ, ಅಪ್ಪನಿಗೆ ತಮಿಳಿನಲ್ಲಿ ಗಟ್ಟಿಯಾಗಿ ಏನೋ ಹೇಳಿ ತಾನೇ ಕ್ಯಾಬ್ ಕರೆಸಿದಳು. ಮೆಟ್ಟಿಲು ಇಳಿಯುವಾಗ ನನಗೆ ಎಡಗಾಲು ಎತ್ತಲಾಗಲಿಲ್ಲ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಎಳೆ ವಯಸ್ಸಿನ ಡಾಕ್ಟರು, "ಕಚ್ಚಿದ್ದನ್ನು ತಂದಿದ್ದೀರಾ?" ಎಂದು ಕೇಳಿದರು.

ಗುರುರಾಜ್, "ಬಿಟ್ಟುಬಿಟ್ಟೆ," ಎಂದರು.

"ಯಾಕೆ?"

"ಮನೆಯಲ್ಲಿ ಶ್ರಾದ್ಧ ಇತ್ತು."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿ, ಮತ್ತೆ ಬರೆಯತೊಡಗಿದರು.

ರಕ್ತ ಪರೀಕ್ಷೆಯಲ್ಲಿ ನನಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಯಿತು. ಯಾವಾಗಿನಿಂದ ಇತ್ತೋ ಗೊತ್ತಿಲ್ಲ. ಮನೆಯಲ್ಲಿ ಎಲ್ಲರ ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ಎತ್ತಿಕೊಡುವವಳು ನಾನು. ನನ್ನ ರಕ್ತ ಯಾರೂ ನೋಡಿರಲಿಲ್ಲ. ಆಪರೇಷನ್ ಮಾಡಿದ ಸರ್ಜನ್ ಹಿರಿಯರು, ಮಾತು ಕಡಿಮೆ. ಗುರುರಾಜ್ ಅವರಿಗೆ ಹೇಳಿದ್ದು ಇಷ್ಟು: "ಜೇಡ ಬಾಗಿಲು ತೆಗೆದಿದೆ. ಒಳಗೆ ನುಗ್ಗಿರುವುದು ಸೋಂಕು. ಸಕ್ಕರೆ ಅದಕ್ಕೆ ಊಟ ಹಾಕಿದೆ. ಇನ್ನೊಂದು ದಿನ ತಡ ಮಾಡಿದ್ದರೆ ನಾನು ನಿಮ್ಮ ಹತ್ತಿರ ಬೇರೆ ಮಾತು ಆಡುತ್ತಿದ್ದೆ." ಕೊಳೆತ ಮಾಂಸವನ್ನೆಲ್ಲ ಕೆರೆದು ತೆಗೆದರು. ಮೊದಲ ಸಲ ಬ್ಯಾಂಡೇಜ್ ಬಿಚ್ಚಿದಾಗ ನೋಡಿದೆ. ನಿಂಬೆಹಣ್ಣು ಇಟ್ಟರೆ ಕೂರುವಷ್ಟು ಹಳ್ಳ. ವಿಚಿತ್ರವೆಂದರೆ ಅದನ್ನು ನೋಡಿ ನನಗೆ ಭಯವಾಗಲಿಲ್ಲ.

ಭಯವಾದದ್ದು ಹಾಸಿಗೆಯ ಚಾದರ ಕಂಡು. ಐಸಿಯುವಿನಲ್ಲಿ ಮಲಗಿದ್ದಾಗ ಕಾಲಿನ ಬಳಿ ಚಾದರದ ಮಡಿಕೆ ನೆರಳು ಕಟ್ಟಿಕೊಂಡಿತ್ತು. ಆ ಮಡಿಕೆಯನ್ನೇ ನೋಡುತ್ತ ಮಲಗಿದೆ. ಕಣ್ಣು ಬೇರೆ ಕಡೆ ತಿರುಗಿಸಿದರೆ ಅದು ಅಲ್ಲಿಂದ ಹೊರಡುತ್ತದೆ ಎಂದು ಖಾತ್ರಿಯಿತ್ತು. ನರ್ಸ್ ಹುಡುಗಿಗೆ ಚಾದರ ಕೊಡವಲು ಹೇಳಿದೆ. ಕೊಡವಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಹೇಳಿದೆ. "ಅಕ್ಕಾ, ಇಂಗ ಪೂಚಿ ಎಲ್ಲಾಂ ವರಾದು ಅಕ್ಕಾ," ಎಂದಳು, ಇಲ್ಲಿಗೆ ಹುಳುಹುಪ್ಪಟೆ ಬರುವುದಿಲ್ಲ ಎಂದು. ನಕ್ಕೇ ಹೇಳಿದಳು. ಒಳ್ಳೆಯ ಹುಡುಗಿ. ಆಮೇಲೆ ನಾನು ಹೇಳುವುದನ್ನು ನಿಲ್ಲಿಸಿದೆ, ನೋಡುವುದನ್ನು ನಿಲ್ಲಿಸಲಿಲ್ಲ.

ಮನೆಗೆ ಬಂದ ಮೇಲೆ ಡ್ರೆಸ್ಸಿಂಗ್‌ಗೆಂದು ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗಬೇಕಿತ್ತು. ಗಾಯದ ವಿಭಾಗದ ಹೊರಗೆ ಉದ್ದಕ್ಕೂ ಕಬ್ಬಿಣದ ಕುರ್ಚಿಗಳು. ಅಲ್ಲಿ ಜನ ಒಬ್ಬರಿಗೊಬ್ಬರು ಗಾಯ ತೋರಿಸಿಕೊಳ್ಳುತ್ತಾರೆ. ಮೊಬೈಲಿನಲ್ಲಿ ಹೋದ ವಾರದ ಫೋಟೋ, ಈ ವಾರದ ಫೋಟೋ. ಒಂದು ದಿನ ಪಕ್ಕದ ಕುರ್ಚಿಯ ಹೆಂಗಸು ಫೋನಿನಲ್ಲಿ ಕನ್ನಡ ಮಾತಾಡುವುದು ಕೇಳಿಸಿತು. ಪೆರಂಬೂರಿನ ಕಡೆ ಅವರದು ಸಣ್ಣ ಹೋಟೆಲು, ಊರು ಕುಂದಾಪುರದ ಹತ್ತಿರ. ಹೆಸರು ಶಾಂತಕ್ಕ. ಗಂಡನ ಕಾಲುಬೆರಳಿನ ಹುಣ್ಣಿಗೆ ಬಂದಿದ್ದರು.

"ನಿಮ್ಗೆ ಎಂತ ಆದದ್ದು?" ಎಂದು ಕೇಳಿದರು.

ಹೇಳಿದೆ. ಅದೇ ಸಣ್ಣ ನಗು ಬಂತು. "ಜೇಡವಾ? ನಮ್ಮ ಹೋಟ್ಲಿನ ಸ್ಟೋರಲ್ಲಿ ತಟ್ಟೆಯಷ್ಟು ದೊಡ್ಡದು ಉಂಟು ಮಾರಾಯ್ರೆ. ಅಕ್ಕಿ ಮೂಟೆ ಹಿಂದೆ. ಇವ್ರು ಅದಕ್ಕೆ ಸುಪ್ರವೈಸರ್ ಅಂತ ಹೆಸರು ಇಟ್ಟಿದ್ದಾರೆ."

ನಾನು ಕಾಲು ಮೇಲೆತ್ತಿಕೊಂಡು ಕುರ್ಚಿಯ ಮೇಲೆ ಕೂತೆ. ಗಾಯ ಜಗ್ಗಿ ಕಣ್ಣಲ್ಲಿ ನೀರು ಬಂತು. ಶಾಂತಕ್ಕ ನೋಡಿದರು. ನಗು ನಿಂತಿತು. ನಾವು ಕೂತಿದ್ದ ಕುರ್ಚಿಗಳ ಕೆಳಗೆ ಬಗ್ಗಿ ಒಮ್ಮೆ ನೋಡಿ, "ಇಲ್ಲಿ ಎಂತದ್ದೂ ಇಲ್ಲ," ಎಂದರು. ಆಮೇಲೆ ಮೆಲ್ಲಗೆ, "ನಿದ್ದೆ ಬರ್ತದಾ ನಿಮ್ಗೆ?" ಎಂದರು.

ಅಲ್ಲಿಯವರೆಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಸಕ್ಕರೆ ಎಷ್ಟು, ಕೀವು ಇದೆಯಾ, ಜ್ವರ ಬಂತಾ, ಊಟ ಆಯಿತಾ, ಎಲ್ಲ ಕೇಳಿದ್ದರು. "ಇಲ್ಲ," ಎಂದೆ. ನನ್ನ ಹೆಸರು ಕರೆಯುವವರೆಗೂ ಶಾಂತಕ್ಕ ಪಕ್ಕದಲ್ಲೇ ಕೂತಿದ್ದರು. ಆಮೇಲೆ ಅವರ ಗಂಡನ ಡ್ರೆಸ್ಸಿಂಗ್ ದಿನ ಬದಲಾಯಿತೋ ಏನೋ, ಮತ್ತೆ ಸಿಗಲಿಲ್ಲ. ನಂಬರ್ ಇಸಿದುಕೊಳ್ಳಬೇಕೆಂದು ಆ ಹೊತ್ತಿಗೆ ಹೊಳೆದಿರಲಿಲ್ಲ.

ಗಾಯ ಮಾಯುತ್ತ ಬಂತು. ಮನೆಯವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಕೆಲಸಕ್ಕೆ ಮರಳಿದರು. ಅದು ಸಹಜವೇ. ಗುರುರಾಜ್ ರಜೆಯೆಲ್ಲ ನನಗೆಂದೇ ಖರ್ಚು ಮಾಡಿದ್ದರು, ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿ ಅವರ ಕುತ್ತಿಗೆ ಹಿಡಿದುಕೊಂಡಿತ್ತು. ಅವರು ಮಾಡಬೇಕಾದ್ದನ್ನೆಲ್ಲ ಮಾಡಿದ್ದಾರೆ. ಆದರೆ ಗಾಯಕ್ಕೆ ತೋರಿಸಿದ ಕನಿಕರವನ್ನು ಭಯಕ್ಕೆ ಹೇಗೆ ತೋರಿಸುವುದು ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ಜೇಡ ಬದುಕಿತ್ತು ಎಂಬುದು ನನ್ನ ತಲೆಯಿಂದ ಹೋಗಲಿಲ್ಲ. ಒಂದು ಕಾಲು ಮುರಿದುಕೊಂಡು ನಮ್ಮದೇ ಕಟ್ಟಡದ ಪೈಪಿನಲ್ಲಿ ಅದು ಎಲ್ಲೋ ಇತ್ತು. ಬಾಲ್ಕನಿಗೆ ಹೋಗುವುದು ಬಿಟ್ಟೆ. ಹಿಂದಿನ ಕೋಣೆಯ ಬಾಗಿಲ ಸಂದಿಗೆ ಹಳೆ ಟವೆಲ್ ತುರುಕಿದೆ. ಸಂಜೆ ಮನೆಯಲ್ಲಿ ನನ್ನ ಹತ್ತಿರ ಗಣಿತ ಪಾಠಕ್ಕೆ ಬರುತ್ತಿದ್ದ ಮಕ್ಕಳಿಗೆ ಬ್ಯಾಗನ್ನು ಹೊರಗೇ ಬಿಡಲು ಹೇಳಿದೆ. ಅವರ ತಾಯಂದಿರು ಬೇರೆ ಟ್ಯೂಷನ್ ಹುಡುಕಿಕೊಂಡರು. ತಲೆಗೂದಲು ಕುತ್ತಿಗೆಗೆ ತಾಗಿದರೆ ಬೆಚ್ಚುತ್ತಿದ್ದೆ. ಗೋಡೆಯ ಮೇಲೆ ಮೊಳೆಯ ಗುರುತು, ನೆಲದ ಮೇಲೆ ದಾರದ ತುಂಡು, ಸಿಂಕಿನಲ್ಲಿ ಟೊಮೆಟೊ ತೊಟ್ಟು. ತೊಟ್ಟಿನ ಆ ಹಸಿರು ಕಾಲುಗಳನ್ನು ನೋಡಲಾಗದೆ ಟೊಮೆಟೊ ತರುವುದನ್ನೇ ನಿಲ್ಲಿಸಿದೆ.

"ಸಾರಿಗೆ ಟೊಮೆಟೊ ಇಲ್ವಾ?" ಎಂದರು ಗುರುರಾಜ್.

"ಹುಣಸೆ ಹಾಕಿದೀನಿ."

"ಸರ್ಕಾರ ಟೊಮೆಟೊ ಬ್ಯಾನ್ ಮಾಡಿದೆಯಾ ಏನು?"

ಕಾರಣ ಹೇಳಿದೆ. ಅವರು ತಟ್ಟೆ ನೋಡಿಕೊಂಡು, "ಸುಧಾ, ನಿಂಗೆ ಬರಬರುತ್ತಾ ಜಾಸ್ತಿ ಆಗ್ತಿದೆ," ಎಂದು ಊಟ ಮುಂದುವರಿಸಿದರು. ಕೋಪದಿಂದ ಹೇಳಿದ್ದಲ್ಲ. ಅದು ನನ್ನನ್ನು ಇನ್ನೂ ಒಂಟಿ ಮಾಡಿತು. ಕೋಪವಿದ್ದಿದ್ದರೆ ಉತ್ತರ ಕೊಡಬಹುದಿತ್ತು.

ಅನು ತನ್ನ ರೀತಿಯಲ್ಲಿ ಸಹಾಯ ಮಾಡಲು ಬಂದಳು. ನನ್ನ ಪಕ್ಕ ಕೂತು, "ಅಮ್ಮಾ, ಅದು ಹಂಟ್ಸ್‌ಮನ್ ಮಾ. ಮನೆಯಲ್ಲಿ ಜಿರಲೆ ತಿನ್ನತ್ತೆ. ಹಾರ್ಮ್‌ಲೆಸ್. ನೀ ಒಂದು ಸಲ ನೋಡು, ಭಯಂ ಪೋಯ್ಡುಂ," ಭಯ ಹೋಗಿಬಿಡುತ್ತದೆ ಎಂದು ಫೋನ್ ನನ್ನ ಮುಖದ ಮುಂದೆ ಹಿಡಿದಳು. ಪರದೆಯ ತುಂಬ ಅದು. ನಾನು ಫೋನನ್ನು ಹೊಡೆದು ಕೆಡವಿದೆ. ಗಾಜು ಒಡೆಯಿತು. ಅವಳು ಎತ್ತಿಕೊಂಡು, ಬೆರಳಿನಿಂದ ಸವರಿ, "ಐ ವಾಸ್ ಜಸ್ಟ್ ಟ್ರೈಯಿಂಗ್ ಟು ಹೆಲ್ಪ್," ಎಂದು ಇಂಗ್ಲಿಷಿನಲ್ಲಿ ಹೇಳಿ ಎದ್ದು ಹೋದಳು. ಅವಳು ಅಳುವುದು ಮಾತ್ರ ಯಾವ ಭಾಷೆಯಲ್ಲಾದರೂ ಒಂದೇ. ಬಾಗಿಲಾಚೆ ಕೇಳಿಸಿತು. ಎದ್ದು ಹೋಗಿ ಸಮಾಧಾನ ಮಾಡಬೇಕಿತ್ತು. ಅವಳ ಕೋಣೆಗೆ ಹೋಗಬೇಕಾದರೆ ಹಿಂದಿನ ಕೋಣೆಯ ಬಾಗಿಲು ದಾಟಬೇಕು.

ಬಟ್ಟೆಯ ಪಾಡು ಎಲ್ಲಕ್ಕಿಂತ ಕಷ್ಟದ್ದು. ಬಟ್ಟೆ ಇಲ್ಲದೆ ಬದುಕುವ ಹಾಗಿಲ್ಲವಲ್ಲ. ಕೊಡವುತ್ತಿದ್ದೆ. ತಿರುಗಿಸಿ ಕೊಡವುತ್ತಿದ್ದೆ. ರವಿಕೆಯ ತೋಳಿನೊಳಗೆ ಕಣ್ಣಿಟ್ಟು ನೋಡುತ್ತಿದ್ದೆ. ನೋಡಿದ್ದು ಸಾಲದೆಂದು ಮತ್ತೆ ನೋಡುತ್ತಿದ್ದೆ. ಒಂದು ಬೆಳಗ್ಗೆ ಸ್ನಾನ ಮುಗಿಸಿ ನಿಂತವಳಿಗೆ ಗೂಟದ ಮೇಲಿದ್ದ ಟವೆಲನ್ನೂ ಮುಟ್ಟಲಾಗಲಿಲ್ಲ. ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತುಬಿಟ್ಟೆ. ಮೈ ಮೇಲಿನ ನೀರು ತಾನೇ ಆರಿತು. ಗುರುರಾಜ್ ಬಾಗಿಲು ತಟ್ಟಿದರು.

"ಸುಧಾ, ನಂಗೆ ಆಫೀಸಿಗೆ ಹೊತ್ತಾಯ್ತು."

"ಆಗ್ತಿಲ್ಲ ರೀ."

"ಏನಾಗ್ತಿಲ್ಲ?"

"ಬಟ್ಟೆ."

ಚಿಲಕ ತೆಗೆದೆ. ಅವರು ಒಳಗೆ ಬಂದು ನನ್ನನ್ನು ನೋಡಿದರು. ಏನೋ ತಮಾಷೆ ಬಾಯಿಯ ತನಕ ಬಂದಿರಬೇಕು, ನನಗೆ ಆ ಮುಖ ಗೊತ್ತು. ಹೇಳಲಿಲ್ಲ. ಟವೆಲ್ ತೆಗೆದು ಎರಡೂ ಕಡೆ ಕೊಡವಿ ನನ್ನ ಹೆಗಲಿಗೆ ಹಾಕಿದರು. ಲಂಗ ತೆಗೆದು ಒಳಹೊರಗು ಮಾಡಿ, ಲಾಡಿ ಹೋಗುವ ದಾರಿಯನ್ನೂ ಬೆರಳಿನಿಂದ ಒತ್ತಿ ನೋಡಿದರು. ರವಿಕೆಯ ತೋಳಿನೊಳಗೆ ತಮ್ಮ ಕೈ ಹಾಕಿದರು. ಅವರ ದಪ್ಪ ಕೈ ಅರ್ಧಕ್ಕೇ ಸಿಕ್ಕಿಕೊಂಡಿತು. "ಇಲ್ಲ ಮಾ, ಏನೂ ಇಲ್ಲ," ಎಂದರು. ಸೀರೆಯನ್ನು ಪೂರ್ತಿ ಬಿಚ್ಚಿ, ಬಚ್ಚಲುಮನೆಯ ಸಣ್ಣ ಕಿಟಕಿಯ ಬೆಳಕಿಗೆ ಹಿಡಿದು ಮೊಳ ಮೊಳವಾಗಿ ಸರಿಸಿದರು. ಆಫೀಸಿಗೆ ತಡವಾಗಿ ಹೋದರು.

ಮಾರನೆಯ ದಿನ ನಾನು ಕರೆಯುವ ಮೊದಲೇ ಬಂದು ನಿಂತರು. ಅದು ರೂಢಿಯಾಯಿತು. ಅವರು ಕೊಡವುತ್ತ ಆಫೀಸಿನ ಕಥೆ ಹೇಳುತ್ತಿದ್ದರು, ನಾನು ಟವೆಲ್ ಸುತ್ತಿಕೊಂಡು ಕೇಳುತ್ತಿದ್ದೆ. ಇಷ್ಟು ವರ್ಷದ ಸಂಸಾರದಲ್ಲಿ ಅವರು ಬೆಳಗಿನ ಹೊತ್ತು ನನ್ನ ಜೊತೆ ಕೂತು ಮಾತಾಡಿದ್ದು ಕಡಿಮೆ. ಆ ಸ್ವಲ್ಪ ಹೊತ್ತು ನನ್ನ ಭಯದೊಳಗೆ ನನ್ನ ಜೊತೆ ಇನ್ನೊಬ್ಬರು ಇರುತ್ತಿದ್ದರು. ಮಿಕ್ಕ ದಿನವೆಲ್ಲ ಅದನ್ನೇ ಕಾಯುತ್ತಿದ್ದೆ.

ಸಕ್ಕರೆಯ ಡಾಕ್ಟರೇ ನನ್ನನ್ನು ನುಂಗಂಬಾಕ್ಕಂನ ಒಂದು ಮನೋವೈದ್ಯರ ಕ್ಲಿನಿಕ್ಕಿಗೆ ಕಳಿಸಿದ್ದು. ನಾನು ನಿದ್ದೆ ಮಾತ್ರೆ ಕೇಳಿದ್ದೆ. ಅವರು ಚೀಟಿ ಬರೆದುಕೊಟ್ಟರು. ಮನೆಯಲ್ಲಿ ನರಗಳ ಡಾಕ್ಟರು ಎಂದು ಹೇಳಿದೆವು. ಪದ್ದತ್ತೆಗೆ ಅಷ್ಟು ಸಾಕಾಯಿತು.

ಆ ಕ್ಲಿನಿಕ್ಕಿನ ಕಾಯುವ ಕೋಣೆ ಚೆನ್ನಾಗಿದೆ. ಏಸಿ, ಮೆತ್ತನೆಯ ಸೋಫಾ, ಮೀನಿನ ತೊಟ್ಟಿ. ಆದರೆ ಅಲ್ಲಿ ಯಾರೂ ಯಾರಿಗೂ ಏನನ್ನೂ ತೋರಿಸುವುದಿಲ್ಲ. ಎಲ್ಲರೂ ಫೋನು ನೋಡುತ್ತಾರೆ, ಇಲ್ಲವೇ ಮೀನು ನೋಡುತ್ತಾರೆ. ಒಳಗಿನಿಂದ ಬಂದವರ ಮುಖ ನೋಡಬಾರದು ಎಂದು ಯಾರೂ ಹೇಳಿಕೊಡದೆಯೇ ಎಲ್ಲರಿಗೂ ಗೊತ್ತಿತ್ತು. ಗಾಯದ ವಿಭಾಗದ ಕಬ್ಬಿಣದ ಕುರ್ಚಿಗಳು ಎಷ್ಟೋ ವಾಸಿ ಅನಿಸಿತು.

ಡಾಕ್ಟರು ನನಗಿಂತ ಚಿಕ್ಕವರು, ತಮಿಳಿನವರು. ಮೊದಲ ಸಲ ನಾನು ಹೇಳಿದ್ದನ್ನೆಲ್ಲ ನಗದೆ ಕೇಳಿದರು. ಹೇಳುವುದಕ್ಕೆ ನನಗೇ ಕಷ್ಟವಾಯಿತು. ನನ್ನ ಭಯ ಇರುವುದು ಕನ್ನಡದಲ್ಲಿ, ಹೇಳಬೇಕಾದ್ದು ತಮಿಳಿನಲ್ಲಿ ಇಂಗ್ಲಿಷಿನಲ್ಲಿ. ಮಡಿ ಎಂದರೇನೆಂದು ಹೇಳುವಷ್ಟರಲ್ಲೇ ಅರ್ಧ ಹೊತ್ತು ಹೋಯಿತು. ಆದರೆ ಅವರು ಒಂದು ಮಾತು ಹೇಳಿದರು: "ಇದು ಹುಚ್ಚಲ್ಲ, ಕೊಬ್ಬೂ ಅಲ್ಲ. ಇದೂ ಒಂದು ಕಾಯಿಲೆ, ಸೊಂಟದ ಗಾಯದ ಹಾಗೆ. ಇದಕ್ಕೂ ಡ್ರೆಸ್ಸಿಂಗ್ ಇದೆ." ಮನೆಗೆ ಬರುವಾಗ ಆಟೋದಲ್ಲಿ ಆ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡೆ.

ಡ್ರೆಸ್ಸಿಂಗ್ ಎಂದರೆ ನಿಧಾನದ ಕೆಲಸ. ಮೊದಲು ಅದರ ಹೆಸರನ್ನು ಬಾಯಿಬಿಟ್ಟು ಹೇಳುವುದು. ಆಮೇಲೆ ಕಾಗದದ ಮೇಲೆ ಬರೆಯುವುದು. ಆಮೇಲೆ ಒಂದು ಸುತ್ತು, ಎಂಟು ಗೆರೆ. ಗೆರೆ ಎಳೆಯುವಾಗ ಬೆವತು ಪೆನ್ನು ಜಾರಿತು. ಆಮೇಲೆ ಫೋಟೋ, ದೂರದಿಂದ, ಡಾಕ್ಟರ ಕೈಯಲ್ಲಿ. ಒಂದು ದಿನ ಟೊಮೆಟೊ ತಂದು ತೊಟ್ಟು ಕಿತ್ತು ಹೆಚ್ಚಿದೆ. ಅನು ನೋಡಿದಳು. ಒಂದು ಹೋಳು ಬಾಯಿಗೆ ಹಾಕಿಕೊಂಡು ಹೋದಳು.

ಅಷ್ಟರಲ್ಲಿ ಮತ್ತೆ ಕಾರ್ತಿಕ ಬಂತು. ಈ ಸಲ ಶ್ರಾದ್ಧ ಮಠದಲ್ಲಿ ಎಂದು ಗುರುರಾಜ್ ಮೊದಲೇ ಹೇಳಿಬಿಟ್ಟರು. ಅಡುಗೆಗೆ ಮಠದವರೇ ಇದ್ದಾರೆ. ಪದ್ದತ್ತೆ ನನ್ನನ್ನು ಕರೆದು, "ನೀ ಇನ್ಮೇಲೆ ಮಡಿ ಉಡಬೇಡ ಬಿಡು ಮಾ," ಎಂದರು. ಕನಿಕರದಿಂದ ಹೇಳಿದರೋ, ನಾನು ಇನ್ನು ಆ ಕೆಲಸಕ್ಕೆ ಬರುವವಳಲ್ಲ ಎಂದು ಹೇಳಿದರೋ, ನನಗೆ ತಿಳಿಯಲಿಲ್ಲ. ಮಠದ ಹಜಾರದಲ್ಲಿ ಮಾಮೂಲು ಸೀರೆಯಲ್ಲಿ ದೂರ ಕೂತಿದ್ದೆ. ಅಡುಗೆಯ ಹೊಗೆ ಬರುತ್ತಿತ್ತು. ಯಾರೋ ನನ್ನ ಕೆಲಸ ಮಾಡುತ್ತಿದ್ದರು. ಸಮಾಧಾನವಾಗಬೇಕಿತ್ತು. ಸ್ವಲ್ಪ ಆಯಿತು ಕೂಡ.

ಅದಾದ ಮೇಲಿನ ಭೇಟಿಯಲ್ಲಿ ಡಾಕ್ಟರು ಬೆಳಗಿನ ಬಟ್ಟೆಯ ವಿಷಯ ಕೇಳಿದರು. ನಾನು ಉತ್ಸಾಹದಿಂದಲೇ ಹೇಳಿದೆ: ಹೇಗೆ ಗುರುರಾಜ್ ಬಂದು ನಿಲ್ಲುತ್ತಾರೆ, ಹೇಗೆ ತೋಳಿನೊಳಗೆ ಕೈ ಹಾಕಿ ನೋಡುತ್ತಾರೆ. ಅವರು ಪೂರ್ತಿ ಕೇಳಿ, "ಅದನ್ನು ನಿಲ್ಲಿಸಬೇಕಲ್ಲ," ಎಂದರು.

"ಯಾಕೆ?"

"ಅವರು ನೋಡಿಕೊಟ್ಟ ಪ್ರತಿ ಸಲವೂ ನಿಮ್ಮ ಮನಸ್ಸು ಒಂದೇ ಪಾಠ ಕಲಿಯುತ್ತೆ. ಅವರು ನೋಡಿದ್ದಕ್ಕೆ ಬಚಾವಾದೆ ಅಂತ. ಏನೂ ಇರಲಿಲ್ಲ ಅಂತ ಕಲಿಯೋದಿಲ್ಲ."

ನನಗೆ ಸಿಟ್ಟು ಬಂತು. "ನಮ್ಮ ಮನೆಯಲ್ಲಿ ಒಬ್ಬರು ನಗದೇ ಇರೋದಕ್ಕೆ ನಾನು ಎಷ್ಟು ಕಾದಿದ್ದೀನಿ ಗೊತ್ತಾ ನಿಮಗೆ?"

"ಗೊತ್ತು," ಎಂದರು. "ಅದಕ್ಕೇ ನೀವೇ ಹೇಳಬೇಕು ಅವರಿಗೆ. ಅವಸರ ಇಲ್ಲ."

ಹಲವು ವಾರ ಹೇಳಲಿಲ್ಲ. ಬೆಳಗ್ಗೆ ಅವರು ಬರುತ್ತಿದ್ದರು, ಕೊಡವುತ್ತಿದ್ದರು, ನನಗೆ ಬೇಡ ಎನ್ನಲು ಬಾಯಿ ಬರುತ್ತಿರಲಿಲ್ಲ. ಆದರೆ ನಡುವೆ ಅವರು ಆಫೀಸಿನ ಕೆಲಸಕ್ಕೆ ಎರಡು ದಿನ ಕೊಯಮತ್ತೂರಿಗೆ ಹೋಗಬೇಕಾಯಿತು. ಆ ಎರಡೂ ದಿನ ನಾನು ಸ್ನಾನ ಮಾಡಲಿಲ್ಲ, ಉಟ್ಟ ಬಟ್ಟೆ ಬಿಚ್ಚಲಿಲ್ಲ. ಬೆವರಿನ ಬಟ್ಟೆಯಲ್ಲಿ ಮಲಗಿಕೊಂಡು, ಇವರಿಗೆ ಏನಾದರೂ ಆದರೆ ನಾನು ಇದೇ ಬಟ್ಟೆಯಲ್ಲಿ ಸಾಯುವತನಕ ಇರಬೇಕಾಗುತ್ತದೆ ಎಂದು ಯೋಚಿಸಿದೆ. 

ಅವರು ಬಂದ ಮಾರನೆಯ ಬೆಳಗ್ಗೆ ಎಂದಿನಂತೆ ಬಚ್ಚಲುಮನೆಯ ಬಾಗಿಲಿಗೆ ಬಂದರು.

"ಇವತ್ತಿಂದ ಬೇಡ ರೀ," ಎಂದೆ ಒಳಗಿನಿಂದ.

"ಯಾಕೆ? ಊರಿಗೆ ಹೋದೆ ಅಂತ ಕೋಪಾನಾ?"

"ಅಲ್ಲ. ಡಾಕ್ಟರು ಹೇಳಿದಾರೆ. ನಾನೇ ಮಾಡ್ಬೇಕಂತೆ. ಒಂದು ಸಲ ಕೊಡವಿ, ಉಟ್ಕೋಬೇಕಂತೆ."

"ನಾನು ಮಾಡಿದ್ದು ತಪ್ಪಾಯ್ತಾ?" ಎಂದರು. ಅವರ ಧ್ವನಿ ನನಗೆ ಪರಿಚಯದ್ದಲ್ಲದ ಹಾಗೆ ಕೇಳಿಸಿತು.

"ತಪ್ಪಲ್ಲ," ಎಂದೆ. "ನಂಗೆ ಅದೊಂದೇ ಇದ್ದದ್ದು."

"ಹಾಗಾದ್ರೆ ಇಲ್ಲೇ ನಿಂತಿರ್ತೀನಿ. ಒಳಗೆ ಬರಲ್ಲ."

"ಬೇಡ. ಹೋಗಿ. ನೀವು ನಿಂತಿದೀರಿ ಅಂತ ಗೊತ್ತಾದ್ರೂ ಆಗಲ್ಲ."

ಅವರು ಹೋಗಲಿಲ್ಲ. ಉಸಿರು ಕೇಳುತ್ತಿತ್ತು. ನಾನು ಕಾದೆ. ಸ್ವಲ್ಪ ಹೊತ್ತಿನ ಮೇಲೆ ಚಪ್ಪಲಿ ಹಾಕಿಕೊಳ್ಳುವ ಸದ್ದು, ಮುಂಬಾಗಿಲ ಸದ್ದು, ಮೆಟ್ಟಿಲು. ಅನು ಆಗಲೇ ಕಾಲೇಜಿಗೆ ಹೋಗಿದ್ದಳು. ಪದ್ದತ್ತೆಗೆ ಈಚೆಗೆ ಕಿವಿ ಮಂದ. ಮನೆ ಪೂರ್ತಿ ಸದ್ದಡಗಿತು.

ರವಿಕೆಯನ್ನು ಗೂಟದಿಂದ ತೆಗೆದೆ. ಒಂದು ಸಲ ಕೊಡವಿದೆ. ಇನ್ನೊಂದು ಸಲ ಕೊಡವಲು ಕೈ ಮೇಲೆ ಹೋಯಿತು, ಇಳಿಸಿದೆ. ತೋಳಿನ ಒಳಗೆ ಕತ್ತಲೆಯಿತ್ತು. ಅದರೊಳಗೆ ಕೈ ಇಟ್ಟೆ. ಬಟ್ಟೆ ಮಣಿಕಟ್ಟಿಗೆ ತಾಗಿತು, ಮೊಣಕೈಗೆ ತಾಗಿತು. ಎದೆ ಹೊಡೆದುಕೊಳ್ಳುತ್ತಿತ್ತು, ನೀವು ಕೇಳಿದರೆ ಹೇಳುತ್ತೇನೆ, ಈಗಲೂ ಹೊಡೆದುಕೊಳ್ಳುತ್ತದೆ. ಬೆರಳುಗಳು ಆಚೆ ಕಡೆಯಿಂದ ಹೊರಗೆ ಬಂದವು. ಒಂದೊಂದನ್ನೂ ಅಲ್ಲಾಡಿಸಿ ನೋಡಿದೆ.

ಇನ್ನೊಂದು ತೋಳು ಬಾಕಿಯಿತ್ತು.